ಬೂದಿಮಣ್ಣಿನ ಗೋಡೆ

ಗೋಡೆಗೆ ಹೊದಿಸಿದ್ದ ಒದ್ದೆ ಗೋಣಿಚೀಲಗಳನ್ನು ಕಂಡದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಜೀಪಿನಿಂದ ಕೈಚೀಲ ಕೂಡ ಇಳಿಸದೆ ಗುಂಡಿಯ ಅಂಚಿಗೆ ಓಡಿ ಅಲ್ಲಿಂದಲೇ ಕೂಗಿದೆ.

"ಅಣ್ಣಾ! ಗೋಡೆಗೆ ನೀರು ಹಾಕಿದ್ದು ಯಾರು?"

ಅಣ್ಣ ಕೆಳಗೆ, ಗೋಡೆಯ ಬುಡದಲ್ಲಿ ತೋಡಿದ ಗೂಡಿನೊಳಗೆ ಅರ್ಧ ಮೈ ತೂರಿಸಿ ಕೂತಿದ್ದ. ಹೊರಗೆ ಕಾಣುತ್ತಿದ್ದದ್ದು ಬೆನ್ನು ಮತ್ತು ಮಣ್ಣು ಮೆತ್ತಿದ ಬೂಟು ಮಾತ್ರ.

"ನಾನೇ. ಬಿಸಿಲಿಗೆ ಮಣ್ಣು ಬಿರುಕು ಬಿಡ್ತಿತ್ತು. ಮಣ್ಣು ಬಿರುಕು ಬಿಟ್ರೆ ಮೂಳೆ ಎರಡಾಗತ್ತೆ, ಗೊತ್ತಲ್ಲ."

"ಯಾವಾಗಿಂದ ಹಾಕ್ತಿದ್ದೀಯ?"

"ನೀನು ಪಟ್ಟಣಕ್ಕೆ ಹೋದಾಗಿಂದ. ಈಗ ತಾನೇ ಬಂದಿದ್ದೀಯ, ಒಂದು ಲೋಟ ಟೀ ಕುಡಿ. ಆಮೇಲೆ ಜಗಳ ಆಡುವೆಯಂತೆ."

ನಮ್ಮದು ಮೂಳೆ ತೋಡಿ ಬದುಕುವ ಸಂಸಾರ. ಕಲ್ಲಾಗಿಹೋದ ಡೈನೋಸಾರ್ ಮೂಳೆಗಳನ್ನು ಅಣ್ಣ ಮಣ್ಣಿನಿಂದ ಬಿಡಿಸುತ್ತಾನೆ. ಅತ್ತಿಗೆ ಅವಕ್ಕೆ ಪ್ಲಾಸ್ಟರ್ ಅಂಗಿ ತೊಡಿಸಿ, ಮಗುವನ್ನು ಹೊದಿಸಿ ಕಳಿಸುವಂತೆ ಜೋಪಾನವಾಗಿ ಮ್ಯೂಸಿಯಮ್ಮಿಗೆ ಕಳಿಸುತ್ತಾಳೆ. ನಾನು ಮೂಳೆಯನ್ನು ಮುಟ್ಟುವವಳಲ್ಲ, ಮೂಳೆ ಬಿದ್ದಿರುವ ಮಣ್ಣನ್ನು ಓದುವವಳು. ಯಾವ ಪದರವನ್ನು ಹೊಳೆ ತಂದಿತು, ಯಾವುದನ್ನು ಗಾಳಿ ತಂದಿತು, ಅಂದು ಇಲ್ಲಿ ಕೆರೆಯಿತ್ತೋ ಕಾಡಿತ್ತೋ ಎಂದು ಹೇಳುವುದು ನನ್ನ ಕೆಲಸ. "ಸಂಬಳ ಮೂವರಿಗೂ ಬರತ್ತೆ, ಬೈಗುಳ ಮಾತ್ರ ನನ್ನ ಗಂಡನಿಗೊಬ್ಬನಿಗೆ" ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದಳು. ಬಯ್ಯುತ್ತಿದ್ದವಳು ನಾನು. ಬೈಸಿಕೊಳ್ಳುವುದಕ್ಕೆ ಅವನು ಲಾಯಕ್ಕೂ ಆಗಿದ್ದ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ಜಗಳದ ಮೂಲ ಆ ಗೋಡೆಯೇ. ಕಲ್ಲುಕ್ವಾರಿಯವರು ಅಗೆದು ಬಿಟ್ಟುಹೋದ ಮೂಲೆ ಅದು. ಮೇಲೆ ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಹಳದಿ ಮರಳುಗಲ್ಲು. ತಳದಲ್ಲಿ ಕೆಂಪು ಮಣ್ಣುಗಲ್ಲು. ಇವೆರಡರ ನಡುವೆ ಆಳೆತ್ತರದ ಬೂದು ಬಣ್ಣದ ಪಟ್ಟಿ. ಮೂಳೆಗಳೆಲ್ಲ ಇದ್ದದ್ದು ಆ ಪಟ್ಟಿಯಲ್ಲಿ, ಅದೂ ವಿಚಿತ್ರವಾಗಿ. ಬೆನ್ನಿಲ್ಲ, ಕತ್ತಿಲ್ಲ, ತಲೆಯಿಲ್ಲ. ಕಾಲುಗಳು ಮಾತ್ರ ನಿಂತಿದ್ದವು. ಕಂಬ ನೆಟ್ಟ ಹಾಗೆ ನೆಟ್ಟಗೆ, ಬೆರಳುಗಳು ಕೆಳಗೆ ಹರಡಿಕೊಂಡು, ಮಂಡಿಯ ಹತ್ತಿರ ಮುರಿದು ನಿಂತಿದ್ದವು.

ಅಣ್ಣ ಹೇಳುತ್ತಿದ್ದದ್ದು ಪ್ರವಾಹದ ಕಥೆ. ಹೊಳೆ ಉಕ್ಕಿತು, ಹಿಂಡು ಮುಳುಗಿತು, ಕೆರೆಯ ಮಣ್ಣು ಪಾಪ ತಾನಾಗಿ ತಳಕ್ಕೆ ಕೂತು ಕಾಲುಗಳನ್ನು ಕಾಪಾಡಿತು. ಅವನ ಕಥೆಯಲ್ಲಿ ಸಾವಿಗೆ ನೋವೇ ಇಲ್ಲ. ನಾನು ಓದಿದ ಕಥೆ ಬೇರೆ. ಕೆಂಪು ಪದರ ಬಯಲು. ವರ್ಷದ ಅರ್ಧ ನೀರು, ಅರ್ಧ ಬೆಂಕಿಯಂಥ ಬಿಸಿಲು. ಬಯಲಿನ ನಡುವೆ ಒಂದು ಆಳವಿಲ್ಲದ ಕೆರೆ. ಎಲ್ಲೋ ದೂರದಲ್ಲಿ ಜ್ವಾಲಾಮುಖಿ ಬಾಯಿ ತೆರೆದು, ಹಗಲನ್ನು ಕತ್ತಲು ಮಾಡಿ, ಕೆರೆಯ ತುಂಬ ಬೂದಿ ಸುರಿಯಿತು. ಬೇಸಗೆ ಬಂತು. ನೀರು ಹಿಂಗಿ ನಡುವೆ ಒಂದು ಮಡುವಷ್ಟೇ ಉಳಿಯಿತು. ಸುತ್ತಲಿನ ಬೂದಿಯ ಮೇಲೆ ಹೆಪ್ಪುಗಟ್ಟಿದ ಕೆನೆಯಂಥ ಪದರ, ಒಳಗೆ ತಳವಿಲ್ಲದ ಅಂಟು. ಬಾಯಾರಿದ ಉದ್ದ ಕತ್ತಿನ ಪ್ರಾಣಿಗಳು ಬಂದವು. ಮರಿಗಳು ಹಗುರ, ದಾಟಿಹೋದವು. ತಾಯಂದಿರು ಹೂತುಕೊಂಡರು. ಒಂದು ಕಾಲು ಕೀಳಲು ಹೋದರೆ ಮೂರು ಕಾಲು ಇನ್ನೂ ಒಳಗೆ ಇಳಿಯುತ್ತಿತ್ತು. ಕಿರುಚಿದವು. ಕಿರುಚಾಟ ಕೇಳಿ ಮಾಂಸ ತಿನ್ನುವವು ಬಂದವು. ಅವಕ್ಕೇನು ಅವಸರ? ಊಟ ಓಡಿಹೋಗುವಂತಿರಲಿಲ್ಲ. ಬೆನ್ನಿನ ಮೇಲೆ ಹತ್ತಿ ಜೀವಂತವಾಗಿಯೇ ಹರಿದು ತಿಂದವು. ಮುರಿದ ಹಲ್ಲುಗಳು ಈಗಲೂ ಮಂಡಿಚಿಪ್ಪಿನಲ್ಲಿ ಕಚ್ಚಿಕೊಂಡಿವೆ, ನಾನೇ ಕಣ್ಣಾರೆ ನೋಡಿದ್ದೇನೆ. ಮಳೆಗಾಲದಲ್ಲಿ ಹೊಳೆ ಬಂದು, ಮೇಲಿದ್ದದ್ದನ್ನೆಲ್ಲ ಗುಡಿಸಿ ಒಯ್ದು, ಮರಳು ಹರವಿ ಮುಚ್ಚಿತು. ಹಿಡಿದದ್ದನ್ನು ಬಿಡದ ಆ ಬೂದಿಮಣ್ಣು ಕಾಲುಗಳನ್ನು ಇಟ್ಟುಕೊಂಡಿತು.

"ಅಣ್ಣ, ಅದು ಬೂದಿ ಅಂತ ಲ್ಯಾಬಿನವರು ಹೇಳಿದ್ರು," ನಾನು ಗುಂಡಿಗೆ ಇಳಿಯುತ್ತ ಹೇಳಿದೆ. "ಕೆರೆ ಜೇಡಿಮಣ್ಣಲ್ಲ, ಜ್ವಾಲಾಮುಖಿ ಬೂದಿ ಕೊಳೆತು ಆದ ಮಣ್ಣು. ನೀರು ಕುಡಿದ್ರೆ ಉಬ್ಬತ್ತೆ, ಸೋಪಿನ ಹಾಗೆ ಜಾರತ್ತೆ. ಅಷ್ಟು ಕಲ್ಲು ಇದರ ಮೇಲೆ ಕೂತಿದೆ. ಮೊದಲು ಹೊರಗೆ ಬಾ."

"ಕೋಟ್ಯಂತರ ವರ್ಷದಿಂದ ಕೂತಿದೆ, ಇನ್ನೊಂದು ಗಂಟೆ ಕೂರಲ್ವಾ?"

"ನಿನ್ನ ತಲೆಯಲ್ಲೂ ಅದೇ ಮಣ್ಣಿರೋದು!"

"ಇದೊಂದು ಬೆರಳು ಬಿಡಿಸ್ಕೊಂಡು ಬರ್ತೀನಿ. ನಿನಗೆ ಮಾತಾಡೋಕೆ ಬಿಟ್ರೆ ಸಂಜೆವರೆಗೂ ಆಡ್ತೀಯ." ಅಣ್ಣ ನಗುತ್ತ ಇನ್ನೂ ಒಳಗೆ ಸರಿದ.

ಗೋಣಿಚೀಲಗಳು ಒಮ್ಮೆಲೇ ಸುಕ್ಕುಗಟ್ಟಿದವು. ಅವುಗಳ ಹಿಂದಿನ ಬೂದು ಪಟ್ಟಿ ಹೊಟ್ಟೆ ಬಂದಂತೆ ಉಬ್ಬಿತು. ನಾನು ಏನೋ ಕಿರುಚಿದೆ. ಅಣ್ಣ ಗೂಡಿನಿಂದ ಹಿಂದಕ್ಕೆ ಹಾರಿ ಎದ್ದು ನಿಂತ, ಅಷ್ಟರಲ್ಲಿ ಹಳದಿ ಕಲ್ಲಿನ ಒಂದು ತುಂಡು, ನಮ್ಮ ಜೀಪಿನಷ್ಟು ದೊಡ್ಡದು, ಗೋಡೆಯಿಂದ ಕಳಚಿ ಬುಡಕ್ಕೆ ಬಿತ್ತು. ಕಲ್ಲಿನ ಅಡಿಯಿಂದ ಬೂದುಮಣ್ಣು ಹಿಂಡಿದ ಹಿಟ್ಟಿನ ಹಾಗೆ ಹೊರಬಂದು ಅವನನ್ನು ತೊಡೆಯವರೆಗೆ ನುಂಗಿತು. ಧೂಳು ಇಳಿಯುವ ಮೊದಲೇ ಅವನ ಕೂಗು ಕೇಳಿಸಿತು. ಬದುಕಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ.

ಅತ್ತಿಗೆ ಪ್ಲಾಸ್ಟರ್ ಶೆಡ್ಡಿನಿಂದ ಓಡಿಬಂದಳು, ಮೊಣಕೈವರೆಗೆ ಬೆಳ್ಳಗೆ. ಗಂಡನನ್ನು ನೋಡಿದಳು. ಅಳಲಿಲ್ಲ, ಕೂಗಲಿಲ್ಲ, ಸೀದಾ ತಿರುಗಿ 'ಬಕೆಟ್'ನನ್ನು ಕರೆದಳು. ಬಕೆಟ್ ಅಂದರೆ ಪಕ್ಕದ ಕ್ವಾರಿಯಲ್ಲಿ ಅಗೆಯುವ ಯಂತ್ರ ಓಡಿಸುವವನು. ನಮ್ಮ ಭಾರದ ಪ್ಲಾಸ್ಟರ್ ಗಂಟುಗಳನ್ನು ಎತ್ತಿಕೊಡಲು ಆಗಾಗ ಬರುತ್ತಿದ್ದ. ಅವನ ನಿಜವಾದ ಹೆಸರನ್ನು ಅವನೂ ಮರೆತಿರಬೇಕು.

ಅತ್ತಿಗೆ ಗಂಟು ಎತ್ತುವ ಪಟ್ಟಿಯನ್ನು ಅಣ್ಣನ ಕಂಕುಳಿನ ಅಡಿಯಿಂದ ಸುತ್ತಿ, ಇನ್ನೊಂದು ತುದಿಯನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸಿದಳು.

"ಎಳಿ!"

"ಬೇಡ!" ನಾನು ಅಡ್ಡ ನಿಂತೆ. "ಅತ್ತಿಗೆ, ಈ ಮಣ್ಣು ಬಿಡಲ್ಲ. ಎಳೆದ್ರೆ ಮೇಲಿನದು ಮಾತ್ರ ಬರತ್ತೆ. ಕಾಲು ಇಲ್ಲೇ ಉಳಿಯತ್ತೆ. ಅಲ್ಲಿ ನೋಡು, ಎಷ್ಟು ಉಳಿದಿವೆ ನೋಡು!"

"ನಿನ್ನ ಪಾಠ ಆಮೇಲೆ ಕೇಳ್ತೀನಿ. ಬಕೆಟ್, ಎಳಿಯೋ!"

ಅವನು ಎಳೆದ. ಪಟ್ಟಿ ಬಿಗಿಯಿತು. ಅಣ್ಣನ ಮೈ ಉದ್ದವಾಯಿತು. ಮನುಷ್ಯನ ಬಾಯಿಂದ ಅಂಥ ಸದ್ದು ನಾನು ಅದುವರೆಗೆ ಕೇಳಿರಲಿಲ್ಲ. ಸೊಂಟದ ಕೀಲಿನಲ್ಲಿ ಏನೋ ಲಟಕ್ಕೆಂದಿತು. ಬಕೆಟ್ ಇಂಜಿನ್ನಿನ ಗದ್ದಲದಲ್ಲಿ ಅದನ್ನು ಕೇಳಲಿಲ್ಲ, ನಾನು ಕೂಗಿದ್ದೂ ಕೇಳಲಿಲ್ಲ. ಯಂತ್ರದ ಮೇಲೆ ಹತ್ತಿ, ನನ್ನ ಕಲ್ಲು ಒಡೆಯುವ ಸುತ್ತಿಗೆಯಿಂದ ಅವನ ಗಾಜು ಪುಡಿ ಮಾಡಿದೆ. ಆದರೂ ಅವನು ಯಂತ್ರದ ಲಿವರ್ ಬಿಡಲಿಲ್ಲ. ಲಿವರ್ ಹಿಡಿದ ಕೈಯ ಮೇಲೆ ಹೊಡೆದೆ. ಮಣಿಕಟ್ಟು ಮುರಿಯಿತು. ಪಟ್ಟಿ ಸಡಿಲವಾಯಿತು. ನನಗೆ ಅವನ ಮೇಲೆ ಒಂದು ಚೂರೂ ಕನಿಕರ ಬರಲಿಲ್ಲ.

ಅತ್ತಿಗೆ ನನ್ನ ಜಡೆ ಹಿಡಿದು ಕೆಳಗೆಳೆದಳು. ಇಷ್ಟು ವರ್ಷ ಪ್ಲಾಸ್ಟರ್ ಕಲಸಿದ ಕೈ, ಬಿದ್ದ ಏಟಿಗೆ ನನ್ನ ಕಣ್ಣಮುಂದೆ ಕತ್ತಲೆ. ನಾನು ಅವಳ ತೋಳು ಕಚ್ಚಿದೆ, ರಕ್ತ ಬರುವವರೆಗೆ. ಅವಳು ನನ್ನ ಮುಖವನ್ನು ಜಲ್ಲಿಗೆ ತಿಕ್ಕಿದಳು. ಒಂದೇ ತಟ್ಟೆಯಲ್ಲಿ ಉಂಡವರು ನಾವು, ಒಬ್ಬರನ್ನೊಬ್ಬರು ಕೊಲ್ಲುವುದಕ್ಕೆ ಹೊರಟವರ ಹಾಗೆ ಹೊರಳಾಡಿದೆವು. ನನ್ನ ಹಲ್ಲೊಂದು ಉದುರಿತು.

"ಸಾಕು ಮಾಡ್ರೇ!" ಅಣ್ಣ ಅರಚಿದ. "ಸಾಯ್ತಾ ಇರೋದು ನಾನು. ನೀವ್ಯಾಕೆ ಮೊದಲು ಹೋಗ್ತೀರಿ?"

ಅತ್ತಿಗೆ ನನ್ನ ಮೇಲಿಂದ ಎದ್ದಳು. ಏದುಸಿರು ಬಿಡುತ್ತ, "ಎಳೀಬಾರ್ದು ಅಂದ್ರೆ ಏನು ಮಾಡ್ಬೇಕು, ಹೇಳು," ಅಂದಳು.

"ಕಂಪ್ರೆಸರ್ ತಾ."

ಮೂಳೆಯ ಸುತ್ತಲಿನ ಕಲ್ಲು ಕೊರೆಯಲು ನಾವು ಗಾಳಿಯ ಉಳಿ ಬಳಸುತ್ತೇವೆ. ಉಳಿ ಬಿಚ್ಚಿ, ಕೊಳವೆಗೆ ಸಣ್ಣ ಪೈಪು ಸಿಕ್ಕಿಸಿ, ಅಣ್ಣನ ಎಡತೊಡೆಯ ಪಕ್ಕದಿಂದ ಕೆಳಗೆ ಇಳಿಸಿದೆ. ಮಣ್ಣು ಕಾಲನ್ನು ಹೀರಿ ಹಿಡಿದಿರುತ್ತದೆ. ಕಾಲಿನ ಅಡಿಗೆ ಗಾಳಿ ಹೋದರೆ ಆ ಹಿಡಿತ ತಪ್ಪುತ್ತದೆ. ಮಣ್ಣು ಗುಳುಗುಳು ಕುದಿಯಿತು. ಅತ್ತಿಗೆ ಕೈಯಿಂದ ಬಾಚಿ ಬಾಚಿ ಹಾಕಿದಳು. ಎಡಗಾಲು, ಬೂಟನ್ನು ಅಲ್ಲೇ ಬಿಟ್ಟು, ಇಷ್ಟಿಷ್ಟಾಗಿ ಮೇಲೆ ಬಂತು. ಅಣ್ಣ ಅತ್ತಿಗೆಯ ಭುಜಕ್ಕೆ ಹಣೆ ಹಚ್ಚಿ ನಡುಗುತ್ತಿದ್ದ. ಬಕೆಟ್ ಮುರಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದು ನಿಂತಿದ್ದ. ಒಂದು ಬೈಗುಳವನ್ನೂ ಆಡಲಿಲ್ಲ, ಪುಣ್ಯಾತ್ಮ.

ಬಲಗಾಲು ಬರಲಿಲ್ಲ.

ನಾನು ಮಣ್ಣಿನೊಳಗೆ ಭುಜದವರೆಗೆ ಕೈ ಇಳಿಸಿ ತಡಕಿದೆ. ಒಂದು ಕಡೆ ಬಿದ್ದ ಬಂಡೆಯ ಅಂಚು. ಇನ್ನೊಂದು ಕಡೆ ನಿಂತ ಡೈನೋಸಾರ್ ಕಾಲು, ಕಲ್ಲಿಗಿಂತ ಗಟ್ಟಿ. ನಡುವೆ ಅಣ್ಣನ ಮೊಣಕಾಲಿನ ಕೆಳಗಿನ ಭಾಗ. ಸುತ್ತಲಿನ ಮಣ್ಣು ತಣ್ಣಗಿತ್ತು, ಅಲ್ಲಿ ಮಾತ್ರ ಬೆಚ್ಚಗೆ. ರಕ್ತ.

ಬಂಡೆ ಎತ್ತೋಣವೆಂದರೆ ಗೋಡೆಗೆ ಈಗ ಆಸರೆಯಾಗಿ ನಿಂತಿರುವುದು ಆ ಬಂಡೆಯೇ. ಡೈನೋಸಾರ್ ಕಾಲು ಒಡೆಯೋಣವೆಂದರೆ ಬಂಡೆ ನಿಂತಿರುವುದು ಅದಕ್ಕೆ ಒರಗಿ. ಅತ್ತ ದರಿ, ಇತ್ತ ಪುಲಿ. ಪಟ್ಟಣದ ರಕ್ಷಣಾ ದಳಕ್ಕೆ ಫೋನ್ ಮಾಡಿದೆವು. ದಿಮ್ಮಿ, ಜಾಕಿ ಎಲ್ಲ ತರುತ್ತೇವೆ, ಸಂಜೆಯೊಳಗೆ ಬಂದೇ ಬರುತ್ತೇವೆ ಎಂದರು. ಆಗಿನ್ನೂ ಸೂರ್ಯ ನೆತ್ತಿಗೇರಿರಲಿಲ್ಲ.

ನಾನು ಗೋಡೆ ನೋಡಿದೆ. ಬಂಡೆ ಕಳಚಿದ ಜಾಗದ ಪಕ್ಕದಲ್ಲಿ ಹಳದಿ ಕಲ್ಲಿನಲ್ಲಿ ಮೇಲಿಂದ ಕೆಳಗೆ ಬೆರಳು ತೂರುವಷ್ಟು ಅಗಲದ ಬಿರುಕು. ಅದು ಬಿದ್ದರೆ ಅಣ್ಣ, ಜೊತೆಗಿದ್ದವರು, ಎಲ್ಲ ಕೆಳಗೆ.

"ಅತ್ತಿಗೆ, ಬಿರುಕಿನ ಮೇಲೆ ಪ್ಲಾಸ್ಟರ್ ಬೊಟ್ಟು ಹಚ್ಚು."

ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಪ್ಲಾಸ್ಟರ್ ಮೆತ್ತಿ ಕಾಯುವುದು ನಮ್ಮ ಕೆಲಸದಲ್ಲಿ ರೂಢಿ. ಗೋಡೆ ಅಲುಗದಿದ್ದರೆ ಬೊಟ್ಟು ಗಟ್ಟಿಯಾಗಿ ಹಾಗೇ ಕೂರುತ್ತದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಬೊಟ್ಟು ಸೀಳುತ್ತದೆ. ಅತ್ತಿಗೆ ಬಾಂಡ್ಲಿ, ಬಕೀಟು ಹಿಡಿದು ಏಣಿ ಹತ್ತಿದಳು. ಕಲ್ಲಿಗೆ ನೀರು ಎರಚಲು ಕೈ ಅದ್ದಿದಳು.

"ನೀರು ಬೇಡ!" ನಾನು ಹುಚ್ಚಿಯ ಹಾಗೆ ಕಿರುಚಿದೆ. "ಒಂದು ತೊಟ್ಟೂ ಗೋಡೆಗೆ ತಾಗಿಸ್ಬೇಡ!"

ಅವಳು ಕೈ ಒರೆಸಿಕೊಂಡು, ಒಣಕಲ್ಲಿನ ಮೇಲೇ ಮೆತ್ತಿದಳು. ಮೇಲೊಂದು, ನಡುವೆ ಒಂದು, ಕೆಳಗೊಂದು. ಇಳಿದುಬಂದು ಅಣ್ಣನ ಹಿಂದೆ ಕೂತು ಅವನ ತಲೆಯನ್ನು ಎದೆಗೆ ಆನಿಸಿಕೊಂಡಳು. ನಾವು ಬೊಟ್ಟುಗಳನ್ನು ನೋಡುತ್ತ ಕೂತೆವು. ಅಣ್ಣ ಕೂಡ ಕತ್ತು ತಿರುಗಿಸಿ ನೋಡುತ್ತಿದ್ದ.

"ನೀನು ಹೇಳಿದ್ದೇ ಸರಿ ಅನ್ಸತ್ತೆ ಕಣೇ," ಅಂದ. "ಕೆಸರಿಗೆ ಸಿಕ್ಕೇ ಸತ್ತಿವೆ ಅವು."

"ಬಾಯಿ ಮುಚ್ಕೊಂಡಿರು." ಅವನ ಬಾಯಿಂದ ಆ ಮಾತು ಕೇಳಲು ವರ್ಷಗಟ್ಟಲೆ ಕಾದಿದ್ದೆ. ಈಗ ಕೇಳಿಸಿಕೊಳ್ಳಲು ಆಗಲಿಲ್ಲ.

ಮೇಲಿನ ಬೊಟ್ಟು ಸೀಳಿತು. ಬೆಳ್ಳಗಿನ ಪ್ಲಾಸ್ಟರ್ ಮೇಲೆ ಕಪ್ಪು ಗೆರೆ ಕೆಳಗಿನಿಂದಲೇ ಕಂಡಿತು. ಸ್ವಲ್ಪ ಹೊತ್ತಿಗೆ ನಡುವಿನದು. ಆಮೇಲೆ ಕೆಳಗಿನದು.

ನನಗೆ ಭಯವಾಯಿತು. ಆದರೆ ಮಾತು ಸ್ಪಷ್ಟವಾಗಿ ಬಂತು. "ಗೋಡೆ ಹೊರಟಿದೆ. ಸಂಜೆವರೆಗೆ ಇರಲ್ಲ. ಈಗಲೋ ಆಗಲೋ."

"ಖಾತ್ರಿನಾ?" ಅತ್ತಿಗೆ ಕೇಳಿದಳು.

"ಮೂರೂ ಸೀಳಿವೆ ಅತ್ತಿಗೆ. ಇನ್ನೇನು ಖಾತ್ರಿ ಬೇಕು?"

ಅಣ್ಣನೇ ಮೊದಲು ಮಾತಾಡಿದ. "ನೀವೆಲ್ಲ ಮೇಲೆ ಹೋಗಿ" ಅಂದ. ಅತ್ತಿಗೆ ಅವನ ಬಾಯಿಗೆ ಅಂಗೈ ಒತ್ತಿದಳು. ಆ ಕೈಯನ್ನು ಪಕ್ಕಕ್ಕೆ ಸರಿಸಿ ಅವನು ನನ್ನನ್ನು ನೋಡಿದ. "ಹಾಗಾದ್ರೆ ಕಡಿ. ಮೂಳೆ ಕೊಯ್ಯೋಕೆ ಹೋಗ್ಬೇಡ, ಹೊತ್ತಾಗತ್ತೆ. ಮಂಡಿಯ ಕೀಲಲ್ಲಿ ಬಿಡಿಸು. ತೊಡೆಗೆ ಬಿಗಿಯಾಗಿ ಕಟ್ಟಿ ಆಮೇಲೆ ಶುರು ಮಾಡು."

ಅವನು ಜೀವನವಿಡೀ ಕೀಲುಗಳನ್ನು ನೋಡಿದವನು. ಎಲ್ಲಿ ಕತ್ತಿ ಇಳಿಸಬೇಕು, ಯಾವ ನರ ಮೊದಲು, ಚಿಪ್ಪನ್ನು ಹೇಗೆ ಮೇಲಕ್ಕೆ ತಳ್ಳಬೇಕು ಎಂದು ಅವನೇ ಹೇಳಿಕೊಟ್ಟ. ಪ್ಲಾಸ್ಟರ್ ಬಟ್ಟೆ ಕತ್ತರಿಸುವ ಚೂರಿ, ಅತ್ತಿಗೆ ದಿನಾ ಮಸೆದಿಡುತ್ತಿದ್ದದ್ದು. ಗಾಳಿ ಬಿಟ್ಟು ಮಂಡಿಯವರೆಗೆ ಮಣ್ಣು ಬಾಚಿದೆವು. ಬೆಲ್ಟು ಬಿಗಿದು ಸುತ್ತಿಗೆಯ ಹಿಡಿಯಿಂದ ತಿರುಚಿದೆವು. ಬಕೆಟ್ ಒಂದು ಕೈಯಲ್ಲಿ ಹಿಡಿಯನ್ನು ಅದುಮಿ ಹಿಡಿದು ಮುಖ ಆಚೆ ತಿರುಗಿಸಿದ.

ಮೊದಲ ಸಲ ಚೂರಿ ಎಳೆದಾಗ ಅಣ್ಣ ಸುಮ್ಮನಿದ್ದ. ಎರಡನೆಯದಕ್ಕೆ ಅತ್ತಿಗೆಯ ತೋಳನ್ನು ಕಚ್ಚಿಹಿಡಿದ, ನಾನು ಕಚ್ಚಿದ ಜಾಗಕ್ಕೇ. ನರಗಳು ಒದ್ದೆ ಹಗ್ಗದ ಹಾಗೆ ಜಾರುತ್ತಿದ್ದವು. "ಒಳಗೆ... ಇನ್ನೂ ಒಳಗೆ... ಹಿಂದಿನಿಂದ" ಎಂದು ಹೇಳುತ್ತಿದ್ದವನ ದನಿ ನಡುವೆ ನಿಂತುಹೋಯಿತು. ಸತ್ತನೋ ಎಂದು ಅತ್ತಿಗೆಯನ್ನು ನೋಡಿದೆ. "ಉಸಿರಿದೆ, ನಿಲ್ಲಿಸ್ಬೇಡ" ಅಂದಳು. ನಿಲ್ಲಿಸಲಿಲ್ಲ. ನನ್ನ ಕೈ, ಬಾಯಿ, ಕಣ್ಣು ಎಲ್ಲ ರಕ್ತ. ಬಾಯಲ್ಲಿದ್ದದ್ದು ನನ್ನ ಹಲ್ಲಿನದೋ ಅವನದೋ ಗೊತ್ತಾಗಲಿಲ್ಲ. ಕೊನೆಯ ಎಳೆ ಕಡಿದಾಗ ಅವನು ಒಮ್ಮೆಲೇ ಹಗುರಾಗಿ ಅತ್ತಿಗೆಯ ಮೇಲೆ ಬಿದ್ದ. ಮೂವರೂ ಸೇರಿ ಅವನನ್ನು ಎತ್ತಿ ಹೊರಗೆ ಓಡಿದೆವು. ಗೋಡೆ ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಬೆನ್ನು ಕಾಯುತ್ತಿತ್ತು.

ಆಸ್ಪತ್ರೆಯ ಓಣಿಯಲ್ಲಿ ಬಿಳಿ ಬೆಂಚು, ಫಿನೈಲ್ ವಾಸನೆ, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟೀವಿ. ನನ್ನ ತುಟಿಗೆ ಹೊಲಿಗೆ ಹಾಕಿದರು. ಅತ್ತಿಗೆಯ ತೋಳಿಗೂ. ಬಕೆಟ್‌ನ ಕೈಗೆ ಕಟ್ಟು ಹಾಕುತ್ತೇನೆಂದು ಬಂದ ನರ್ಸಮ್ಮನನ್ನು ಅತ್ತಿಗೆ ಪಕ್ಕಕ್ಕೆ ಸರಿಸಿ ತಾನೇ ಹಾಕಿದಳು. "ಇಂಥ ಪ್ಲಾಸ್ಟರ್ ಒಳಗೆ ನಮ್ಮ ಮೂಳೆಗಳು ನೂರು ಮೈಲಿ ಹೋಗಿವೆ, ನೀನು ಹೆದರಬೇಡ" ಅಂದಳು. ಅವನು ನಕ್ಕ. ನಾನು ಅವನ ಕಾಲು ಹಿಡಿದು ಕ್ಷಮೆ ಕೇಳಿದೆ. "ಬಿಡಿ ಅಕ್ಕಾ, ನಾನು ಇನ್ನಷ್ಟು ಎಳೆದಿದ್ರೆ ಆ ಪಾಪ ನನ್ನ ತಲೆಗೆ ಬರ್ತಿತ್ತು" ಅಂದ.

ರಾತ್ರಿಗೆ ಮುಂಚೆ ರಕ್ಷಣಾ ದಳದ ಮುಖ್ಯಸ್ಥ ಬಂದ. ಕೈಯಲ್ಲಿ ಟೊಪ್ಪಿಗೆ, ಬೂಟಿನ ತುಂಬ ಬೂದುಮಣ್ಣು. ಗೋಡೆಗೆ ದಿಮ್ಮಿ ಆನಿಸಿ, ಜಾಕಿ ಕೊಟ್ಟು, ಬಂಡೆಯನ್ನು ಗೇಣಷ್ಟು ಎತ್ತಿ ಕಾಲನ್ನು ತೆಗೆದೆವು ಎಂದ. ಹೆಚ್ಚು ಹೊತ್ತು ಹಿಡಿಯಲಿಲ್ಲ ಎಂದ.

"ಗೋಡೆ?" ನಾನು ಕೇಳಿದೆ.

"ನಿಂತಿದೆಯಮ್ಮ. ಅಲ್ಲಾಡಲೂ ಇಲ್ಲ."

ಅವನು ತಂದದ್ದನ್ನು ನೋಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ, ನನಗೆ ಗೊತ್ತಿರಬೇಕು ಎಂದುಕೊಂಡಿರಬೇಕು. ಮೊಣಕಾಲಿನ ಕೆಳಗೆ ಮೂಳೆ ಒಂದೇ ಕಡೆ ಮುರಿದಿತ್ತಂತೆ. ದೊಡ್ಡ ರಕ್ತನಾಳ ಯಾವುದೂ ಹರಿದಿರಲಿಲ್ಲವಂತೆ. ಕಾಲಿನ ಸಮೇತ ಬಂದಿದ್ದರೆ ಪ್ಲೇಟು ಹಾಕಿ ಉಳಿಸಬಹುದಿತ್ತಂತೆ.

ಬೆಂಚಿಗೆ ವಾಪಸು ಬಂದಾಗ ಅತ್ತಿಗೆ ಮುಷ್ಟಿ ಬಿಚ್ಚಿ ತೋರಿಸಿದಳು. ದಳದವನಿಗೆ ಹೇಳಿ ತರಿಸಿಕೊಂಡಿದ್ದಳು, ಗೋಡೆಯಿಂದ ಕಿತ್ತ ಪ್ಲಾಸ್ಟರ್ ಬೊಟ್ಟು. ಬಿರುಕಿನ ಗುಂಟ ಒಂದೇ ಸೀಳು ಇರಬೇಕಾಗಿತ್ತು. ಇದರ ಮೈತುಂಬ ಗೆರೆಗಳು, ಒಣಗಿದ ಕೆರೆಯ ತಳದ ಹಾಗೆ.

"ಗೋಡೆ ಸರಿದು ಸೀಳಿದ್ದಲ್ಲ ಇದು," ಅಂದಳು. "ಬಿಸಿಲಿಗೆ ಕಾದ ಕಲ್ಲು. ಒದ್ದೆ ಮಾಡದೆ ಹಚ್ಚಿದೆ. ಕಲ್ಲು ಪ್ಲಾಸ್ಟರಿನ ನೀರು ಕುಡೀತು, ಪ್ಲಾಸ್ಟರ್ ತಾನಾಗೇ ಸೀಳಿತು. ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನನಗೆ ಹೊಳೀಲೇ ಇಲ್ಲ ನೋಡು."

"ನೀರು ತಾಗಿಸ್ಬೇಡ ಅಂದವಳು ನಾನು."

"ನೀನು ಅಂದೆ, ನಾನು ಹಚ್ಚಿದೆ, ಅವರು ಕಡಿ ಅಂದ್ರು. ಯಾರ ತಲೆಗೆ ಕಟ್ತೀಯ ಈಗ?"

ಅಳು ಬಂತು. ಬಾಯಿ ತೆರೆದರೆ ಹೊಲಿಗೆ ಬಿಚ್ಚುತ್ತದೆಂದು ಬಾಯಿ ಮುಚ್ಚಿಕೊಂಡೇ ಅತ್ತೆ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ಅಣ್ಣನಿಗೆ ಎಚ್ಚರವಾದಾಗ ಅವನ ಬಾಯಿಂದ ಮೊದಲು ಬಂದದ್ದು ಹೆಂಡತಿಯ ಹೆಸರಲ್ಲ, ನನ್ನ ಹೆಸರಲ್ಲ, ನೀರೂ ಅಲ್ಲ.

"ಗೋಡೆ ಬಿತ್ತಾ?"

ನಾನು ನಿಜ ಹೇಳುವುದಕ್ಕೇ ಬಾಯಿ ತೆರೆದದ್ದು. ಅತ್ತಿಗೆ ಮುಂದೆ ಬಗ್ಗಿ ಹೊದಿಕೆ ಸರಿಪಡಿಸಿದಳು.

"ಬಿತ್ತು ಕಣ್ರೀ. ನಿಮ್ಮನ್ನ ಎತ್ತಿ ಆಚೆ ತಂದ್ವಿ, ಬೆನ್ನಿಗೇ ಬಿತ್ತು. ನಿಮ್ಮ ತಂಗಿ ಒಂದು ಗಳಿಗೆ ತಡ ಮಾಡಿದ್ರೂ ನಾವ್ಯಾರೂ ಇರ್ತಿರಲಿಲ್ಲ."

ಅಣ್ಣ ಕಣ್ಣು ಮುಚ್ಚಿದ. ಕೈಯನ್ನು ಹೊದಿಕೆಯಿಂದ ಹೊರಗೆ ಚಾಚಿ ನನ್ನ ಕೈ ಹುಡುಕಿದ. "ಬದುಕಿಸ್ಬಿಟ್ಟೆ," ಅಂದ. ಅವನು ನನ್ನನ್ನು ಮೆಚ್ಚಿ ಆಡಿದ ಮಾತುಗಳು ಕಡಿಮೆ. ಅದನ್ನು ನುಂಗಿಕೊಂಡು ನಿಂತೆ.

ಹಾಸಿಗೆಯಲ್ಲಿದ್ದಷ್ಟು ದಿನವೂ ಅವನದು ಅದೇ ಮಾತು. ಬಿದ್ದ ಗೋಡೆಯನ್ನು ನೋಡಬೇಕು, ಪದರಗಳು ಹೇಗೆ ಒಡೆದಿವೆ ನೋಡಬೇಕು, ಮನೆಗೆ ಹೋಗುವ ದಾರಿಯಲ್ಲೇ ಅಲ್ಲಿಗೆ ಕರೆದೊಯ್ಯಬೇಕು. ಡಾಕ್ಟರು ನಾಳೆ ಕಳಿಸುತ್ತೇವೆ ಎಂದ ದಿನ ಬೆಳಿಗ್ಗೆ ಅತ್ತಿಗೆ ನನ್ನನ್ನೂ ಬಕೆಟ್‌ನನ್ನೂ ಜೀಪಿಗೆ ಹತ್ತಿಸಿದಳು. ಜೀಪು ಸೀದಾ ಗುಂಡಿಯ ಕಡೆ ಹೊರಟಿತು.

ಆ ನಡುವೆ ಒಂದು ವಾರ ಮಳೆಯೂ ಹೊಯ್ದಿತ್ತು. ಗೋಡೆ ನಿಂತಿತ್ತು. ನನಗೆ ಈಗ ಅದು ಓದಲು ಬಂತು. ಬೂದುಮಣ್ಣು ಹಿಂಡಿ ಹೊರಬಂದ ಮೇಲೆ ಮೇಲಿನ ಕಲ್ಲು ಇಳಿದು ಹೊಸ ಬುಡದ ಮೇಲೆ ಕೂತುಬಿಟ್ಟಿತ್ತು. ಬಂಡೆ ಕೆಡವಿದ್ದೇ ಅದರ ಕೊನೆಯ ಕೆಲಸ. ನಾವು ಬೊಟ್ಟು ಹಚ್ಚಿ ಕಾಯುವ ಹೊತ್ತಿಗೆ ಅದು ಮಾಡುವುದನ್ನೆಲ್ಲ ಮಾಡಿ ಮುಗಿಸಿತ್ತು. ಬುಡದಲ್ಲಿ ಡೈನೋಸಾರ್ ಕಾಲುಗಳು ನಿಂತೇ ಇದ್ದವು. ನಾವು ಇಷ್ಟು ವರ್ಷ ಹುಡುಕಿದ್ದು, ಜಗಳವಾಡಿದ್ದು ಎಲ್ಲ ಅವಕ್ಕಾಗಿ.

"ಗೋಡೆ ಕೆಡವಿದ್ರೆ ಅವೂ ಮುಚ್ಚಿಹೋಗ್ತವೆ," ಅಂದೆ.

"ಹೋಗಲಿ," ಅಂದಳು ಅತ್ತಿಗೆ.

ಬಕೆಟ್‌ನ ಕೈ ಇನ್ನೂ ಕಟ್ಟಿನಲ್ಲಿತ್ತು. ಅತ್ತಿಗೆಯೇ ಯಂತ್ರ ಹತ್ತಿ, ಗಾಜಿಲ್ಲದ ಕಿಟಕಿಯ ಹಿಂದೆ ಕೂತಳು. ಅವನು ಪಕ್ಕದಲ್ಲಿ ನೇತಾಡುತ್ತ, "ಅಕ್ಕಾ, ಅದಲ್ಲ, ಎಡಗಡೆದು... ಅಯ್ಯೋ, ನನ್ನ ಎಡ ಅಲ್ಲ, ನಿಮ್ಮ ಎಡ" ಎಂದು ಹೇಳಿಕೊಟ್ಟ. ತೋಳು ಒಮ್ಮೆ ಆಕಾಶ ಚುಚ್ಚಿತು, ಒಮ್ಮೆ ನೆಲ ಚುಚ್ಚಿತು, ಆಮೇಲೆ ಹದಕ್ಕೆ ಬಂತು. ಅವಳು ಅದನ್ನು ಎತ್ತಿ ಗೋಡೆಗೆ ಗುದ್ದಿದಳು. ಕಲ್ಲಿನಿಂದ ಒಂದಿಷ್ಟು ಪುಡಿ ಉದುರಿತು. ಮತ್ತೆ ಗುದ್ದಿದಳು.

"ಎಲ್ಲಿ ಗುದ್ದಬೇಕು ಹೇಳೇ!" ಇಂಜಿನ್ನಿನ ಮೇಲಿಂದ ಕೂಗಿದಳು. "ಗೋಡೆ ಓದೋಳು ನೀನು! ಎಲ್ಲಿ ಬೀಳತ್ತೆ ಅದು?"

ನಾನು ಬಿರುಕನ್ನು ತೋರಿಸಿದೆ. ಅಲ್ಲಿ ಗುದ್ದಿದಳು. ಬೀಳಲಿಲ್ಲ. ಬಂಡೆ ಕಳಚಿದ ಹೊಂಡ ತೋರಿಸಿದೆ. ಬೀಳಲಿಲ್ಲ. ಬೂದು ಪಟ್ಟಿ ತೋರಿಸಿದೆ. ಯಂತ್ರದ ಹಲ್ಲುಗಳು ಮಣ್ಣಿನಲ್ಲಿ ಕಚ್ಚಿಕೊಂಡವು, ಗೋಡೆ ಅಲುಗಲಿಲ್ಲ. ನಾನು ಹಾರೆ ತೆಗೆದುಕೊಂಡು ಬುಡಕ್ಕೆ ಹೋಗಿ ನಾನೇ ಮೀಟತೊಡಗಿದೆ. "ಬೀಳು! ಬೀಳೇ, ನಿನ್ನ ಮನೆ ಹಾಳಾಗ!" ಎಂದು ಬೈದೆ, ಅತ್ತೆ, ಹಾರೆಯಿಂದ ಹೊಡೆದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಬಕೆಟ್ ಓಡಿಬಂದು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅತ್ತಿಗೆ ನಿಲ್ಲಿಸಲಿಲ್ಲ. ನಾನು ಕೈ ತೋರಿಸಿದ ಕಡೆಯೆಲ್ಲ ಗುದ್ದುತ್ತಲೇ ಹೋದಳು, ಡೀಸೆಲ್ ಮುಗಿದು ಮತ್ತೆ ತುಂಬಿಸಿಕೊಂಡು ಬಂದು ಗುದ್ದಿದಳು.

ಗೋಡೆ ಬಿದ್ದಾಗ ಸಂಜೆಯಾಗಿತ್ತು.